ಏಣಿ ಅಕ್ಷರ

"ಮನುಷ್ಯರಲ್ಲಿ ಮೂರು ಸೈಜು ಇದಾವೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಸಾರ್," ಅಂದಳು ಸೂಜಿಯಕ್ಕ. "ಶರ್ಟಿಗೆ ಸೈಜಿದೆ, ಚಪ್ಪಲಿಗೆ ಸೈಜಿದೆ. ಹೆಸರಿಗೂ ಇದೆ ಅಂತ ಇವತ್ತು ಕಲಿತೆ ನೋಡಿ."

ಟೈ ಸಾಹೇಬ ನಗಲಿಲ್ಲ. ಅವನು ನಕ್ಕಿದ್ದನ್ನ ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ದೊಡ್ಡ ಹೋಟೆಲಿನ ಬಟ್ಟೆಬರೆ, ಪಾತ್ರೆಪಡಗ, ಸೋಪು, ಪೊರಕೆ ಎಲ್ಲಾ ನೋಡಿಕೊಳ್ಳೋ ಅಧಿಕಾರಿ ಅವನು. ಬೆಂಕಿಯಂಥ ಬಿಸಿಲಲ್ಲೂ ಟೈ ಬಿಚ್ಚುತ್ತಿರಲಿಲ್ಲ. ಹುಟ್ಟಿದಾಗ ಹೊಕ್ಕುಳಬಳ್ಳಿ ಕತ್ತರಿಸೋದು ಬಿಟ್ಟು ಅದನ್ನೇ ಕುತ್ತಿಗೆಗೆ ಸುತ್ತಿದ್ದಾರೆ, ಅದಕ್ಕೇ ಬಿಚ್ಚೋಕಾಗ್ತಿಲ್ಲ ಅನ್ನೋದು ಸೂಜಿಯಕ್ಕನ ವಾದ.

ಹೋಟೆಲಿನವರ ಹೊಸ ಕೋಟಿನ ಮೇಲೆ ಹೊಲಿಯೋ ಹೆಸರಿಗೆ ಮಾದರಿ ಅಂತ ಅವನು ಅವಳ ಮೇಜಿನ ಮೇಲೆ ಮೂರು ತುಂಡು ಬಟ್ಟೆ ಇಟ್ಟಿದ್ದ. ಮೂರರ ಮೇಲೂ ಇಂಗ್ಲಿಷಲ್ಲಿ ಒಂದೊಂದು ಹೆಸರು. ಮೊದಲನೇದರಲ್ಲಿ ಎಲ್ಲಾ ದೊಡ್ಡಕ್ಷರ, ಸಾಲಾಗಿ ನಿಂತ ಸಿಪಾಯಿಗಳ ಹಾಗೆ. ಎರಡನೇದರಲ್ಲಿ ಮೊದಲನೇ ಅಕ್ಷರ ದೊಡ್ಡದು, ಮಿಕ್ಕಿದ್ದು ಸಣ್ಣದು. ಮೂರನೇದರಲ್ಲಿ ತಲೆಯಿಂದ ಬಾಲದವರೆಗೂ ಸಣ್ಣಕ್ಷರ, ಇರುವೆ ಸಾಲು.

"ಇದು ಸೂಟಿನವರಿಗೆ," ಅಂದ ಟೈ ಸಾಹೇಬ, ಬೆರಳಿಂದ ತಟ್ಟುತ್ತಾ. "ಇದು ಮುಂದಿನ ಕೌಂಟರಿನವರಿಗೆ, ಬಾಗಿಲು ಕಾಯೋರಿಗೆ, ಊಟ ಬಡಿಸೋರಿಗೆ. ಇದು ಕೆಳಗಿನವರಿಗೆ. ಲಾಂಡ್ರಿ, ಪಾತ್ರೆ, ಕಸ."

"ಅಲ್ಲಾ ಸಾರ್, ನಾನು ಓದಿದ್ದು ಅಷ್ಟಕ್ಕಷ್ಟೇ. ಆದ್ರೂ ಹೆಸರು ಅಂದ್ಮೇಲೆ ಮೊದಲಕ್ಷರ ದೊಡ್ಡದು ಅಂತ ನಮ್ಮ ಟೀಚರು ಅಂಗೈ ಮೇಲೆ ಬೆತ್ತದಲ್ಲೇ ಬರೆದು ಕಲಿಸಿದ್ರು. ಬರೀ ನಾಯಿ ಅಂತ ಬರೆದ್ರೆ ಸಣ್ಣಕ್ಷರ, ಆ ನಾಯೀಗೊಂದು ಹೆಸರಿಟ್ರೆ ದೊಡ್ಡಕ್ಷರ."

"ಅದು ಸ್ಕೂಲಲ್ಲಿ. ಇದು ಹೋಟ್ಲು. ಯಾರ ಹತ್ರ ಮಾತಾಡ್ಬೇಕು, ಯಾರ ಹತ್ರ ಬೇಡ ಅಂತ ಬಂದೋರಿಗೆ ದೂರದಿಂದಲೇ ಗೊತ್ತಾಗ್ಬೇಕು."

"ಹಂಗಾದ್ರೆ ನಾಯಿಗಿರೋ ಮರ್ಯಾದೆ—"

ಮೇಜಿನ ಕೆಳಗೆ ಅವಳ ಗಂಡ ಅವಳ ಕಾಲು ತುಳಿದ. ಅವನು ಟೈಲರು, ಬಟ್ಟೆ ಕತ್ತರಿಸಿ ಕೋಟು ಹೊಲಿಯೋನು ಅವನು. ಅದರ ಮೇಲೆ ಹೆಸರು ಹೊಲಿಯೋಳು ಇವಳು. ಮಾತಲ್ಲಿ ಮಾತ್ರ ಕತ್ತರಿ ಇದ್ದದ್ದು ಇವಳ ಹತ್ರ.

"ಆಗ್ಲಿ ಸಾರ್," ಅಂದ ಗಂಡ. "ಹೇಳಿದ ಹಾಗೇ ಆಗುತ್ತೆ. ಅಳತೆ ತಗೊಳ್ಳೋಕೆ ಯಾವಾಗ ಬರ್ಲಿ?"

"ಮೇಲಿನವರಿಗೆ ಬಾ. ಕೆಳಗಿನವರಿಗೆಲ್ಲಾ ಒಂದೇ ಅಳತೆ. ದೊಡ್ಡದೇ ಹೊಲಿ. ಸಣ್ಣಗಿರೋರು ತೋಳು ಮಡಚ್ಕೋತಾರೆ."

ಟೈ ಸಾಹೇಬ ಮೆಟ್ಟಿಲಿಳಿದ. ಅವನ ಬೂಟಿನ ಸದ್ದು ಬೀದಿಗೆ ಸೇರೋವರೆಗೂ ಸೂಜಿಯಕ್ಕ ಬಾಯಿ ಬಿಗಿ ಹಿಡಿದಿದ್ದಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದು ಮದುವೆ ಫೋಟೋ ತೆಗೆಸಿಕೊಂಡಾಗ ಬಿಟ್ರೆ ಅದೇ ಮೊದಲು.

"ಕೇಳಿಸ್ತೇನ್ರೀ? ಕೆಳಗಿನವರಂತೆ! ನಿಮ್ಮಮ್ಮ ಆ ಲಾಂಡ್ರೀಲಿ ಕೈ ಇಟ್ಟಾಗ ಈ ಟೈ ಇನ್ನೂ ಮೂಗು ಸುರಿಸ್ಕೊಂಡು ಓಡಾಡ್ತಿತ್ತು."

"ಕೇಳಿಸ್ತು ಕಣೇ. ನಂಗೂ ಕಿವಿ ಇದೆ. ಹೊಟ್ಟೆನೂ ಇದೆ. ಹೋಟ್ಲಿನ ಕೆಲಸ ಬಿಟ್ರೆ ನಮ್ಗೆ ಬರೋದು ಹರಿದ ಜೇಬು, ಕಿತ್ತ ಗುಂಡಿ. ಇರುವೆ ಅಂದ್ರೆ ಇರುವೆ ಹೊಲಿ, ಆನೆ ಅಂದ್ರೆ ಆನೆ ಹೊಲಿ."

ಸೂಜಿಯಕ್ಕ ಮಿಷನ್ನಿನ ಮುಂದೆ ಕೂತಳು. ಆ ಮಿಷನ್ನಿನ ಮೇಲೆ ಅವಳಿಗೆ ಭಾರಿ ಜಂಬ. ಒಂದು ಸಲ ಅದು ಹಾರಿ ಹೋಗ್ತಿದ್ದ ಸೊಳ್ಳೆಯ ರೆಕ್ಕೆ ಮೇಲೆ ಸೊಳ್ಳೆ ಹೆಸರು ಹೊಲಿದು ಕಳಿಸಿತ್ತು ಅಂತ ಬಂದವರಿಗೆಲ್ಲಾ ಹೇಳೋಳು. ಏನಿತ್ತು ಸೊಳ್ಳೆ ಹೆಸರು ಅಂತ ಕೇಳಿದರೆ, "ಅದು ಅವರ ಮನೆಯವರಿಗೆ ಗೊತ್ತು, ನಮಗ್ಯಾಕೆ ಊರ ಉಸಾಬರಿ?" ಅನ್ನೋಳು. ಅಂಥವಳಿಗೆ ಆವತ್ತು ಸೂಜಿಗೆ ದಾರ ಪೋಣಿಸೋಕೂ ಮನಸ್ಸು ಬರಲಿಲ್ಲ.

ಸಂಜೆ ಅತ್ತೆ ಕೆಲಸ ಮುಗಿಸಿ ಬಂದರು. ಬಂದವರೇ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು, "ಬಂತೇನೇ ನಮ್ಮ ಕೋಟಿನ ಆರ್ಡರು?" ಅಂದರು.

ಅತ್ತೆಯ ಕೈ ನೋಡಬೇಕು ನೀವು. ಬಿಸಿನೀರು ಸೋಪು ತಿಂದೂ ತಿಂದೂ ಬೆರಳ ತುದಿ ಬೆಳ್ಳಗೆ ನೆನೆದ ಕಡಲೆ ಹಾಗೆ. ಹೋಟೆಲಿನಲ್ಲಿ ಅವರಿಗೆ ಹೆಸರಿರಲಿಲ್ಲ. ಟೈ ಸಾಹೇಬನಿಂದ ಹಿಡಿದು ಬಾಗಿಲು ಕಾಯೋನವರೆಗೂ ಎಲ್ಲರಿಗೂ ಅವರು ಸೋಪಮ್ಮ. ಸೋಪಮ್ಮ ಬಾ, ಸೋಪಮ್ಮ ಹೋಗು, ಈ ಕಲೆ ಯಾಕೆ ಹೋಗಿಲ್ಲ ಸೋಪಮ್ಮ. ಈಗ ಹೋಟೆಲಿನ ವರ್ಷದ ದಿನ, ಅಂದ್ರೆ ಅದು ಶುರುವಾದ ದಿನದ ಹಬ್ಬ, ಬರ್ತಾ ಇತ್ತು. ಆವತ್ತು ಯಜಮಾನರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಎದೆ ಮೇಲಿನ ಹೆಸರು ಓದಿ, ಹೆಸರು ಹಿಡಿದು ಕರೆದು ಕೈ ಕುಲುಕ್ತಾರೆ, ಆಮೇಲೆ ಫೋಟೋ, ಆ ಫೋಟೋ ಮುಂಬಾಗಿಲ ಹತ್ರ ದೊಡ್ಡದಾಗಿ ತೂಗಿಹಾಕ್ತಾರೆ ಅಂತ ಸುದ್ದಿ. ಅದು ಅತ್ತೆಯ ಕೆಲಸದ ಕೊನೇ ದಿನ ಕೂಡ ಆಗಿತ್ತು.

"ಒಂದೇ ಒಂದು ಸಲ ಕಣೇ," ಅಂದರು ಅತ್ತೆ. "ಆ ಕಟ್ಟಡದೊಳಗೆ ಒಂದು ಸಲ ನನ್ನ ಹೆಸರು ಯಾರಾದ್ರೂ ಜೋರಾಗಿ ಕರೀಬೇಕು. ಕರೆಸ್ಕೊಂಡು ಮನೇಲಿ ಕಾಲು ಚಾಚಿ ಕೂತ್ಬಿಡ್ತೀನಿ."

"ಕರೀತಾರೆ ಬಿಡಿ ಅತ್ತೆ."

"ಏಣಿ ಮಾತ್ರ ದೊಡ್ಡದಾಗಿ ಹಾಕು. ಫೋಟೋದಲ್ಲಿ ಕಾಣ್ಬೇಕು."

ಈ ಏಣಿ ಅಂದ್ರೆ ಏನು ಅಂತ ಹೇಳಿಬಿಡಬೇಕು. ಲಾಂಡ್ರಿಯವರು ಶಾಲೆ ಕಂಡವರಲ್ಲ. ಆದರೆ ಹೋಟೆಲಿನ ಒಂದೊಂದು ಬಟ್ಟೆಯ ಮೂಲೆಯಲ್ಲೂ ಗೇಣುದ್ದದ ಇಂಗ್ಲಿಷ್ ದೊಡ್ಡಕ್ಷರ ಇರ್ತಿತ್ತು. ಯಾವ ಮಹಡಿ ಹಾಸಿಗೆ ಬಟ್ಟೆ, ಯಾವ ಹಾಲಿನ ಮೇಜುಬಟ್ಟೆ ಅಂತ ತಿಳಿಯೋಕೆ. ಕಪ್ಪು ದಾರದಲ್ಲಿ ಆ ಗುರುತು ಹೊಲಿಯೋದೂ ಇವರದ್ದೇ ಕೆಲಸ. ಎಷ್ಟು ಕುದಿಸಿದರೂ, ಎಷ್ಟು ಬಡಿದರೂ ಬಣ್ಣ ಬಿಡದ ದಾರ ಅದು. ಅಕ್ಷರದ ಹೆಸರು ಅವರಿಗೆ ಗೊತ್ತಿರಲಿಲ್ಲ, ಮುಖ ಗೊತ್ತಿತ್ತು. ಅದಕ್ಕೆ ತಾವೇ ಹೆಸರಿಟ್ಟುಕೊಂಡಿದ್ದರು. ಕಾಲು ಅಗಲಿಸಿ ನಿಂತ ಇಂಗ್ಲಿಷಿನ ಮೊದಲನೇ ಅಕ್ಷರ, ನಡುವೆ ಅಡ್ಡಪಟ್ಟಿ ಇರೋದು, ಏಣಿ. ಆಮೇಲೆ ಸುತ್ತಿಗೆ ಇತ್ತು, ಹಾವು ಇತ್ತು, ಗೇಟು ಇತ್ತು, ಜೋಡಿಗುಡ್ಡ ಇತ್ತು. ತಂತಮ್ಮ ಹೆಸರು ಯಾವುದರಿಂದ ಶುರುವಾಗುತ್ತೆ ಅಂತಲೂ ಯಾವತ್ತೋ ಯಾರನ್ನೋ ಕೇಳಿ ತಿಳಿದಿಟ್ಟುಕೊಂಡಿದ್ದರು. ಅತ್ತೆದು ಏಣಿ. ಅವರ ಜೊತೆ ಕೆಲಸ ಮಾಡೋ ಕಡ್ಡಿ, ಅಂದ್ರೆ ಗಾಳಿ ಬಂದ್ರೆ ಗೋಡೆ ಹಿಡ್ಕೊಳ್ಳೋ ಅಷ್ಟು ಸಣ್ಣಗಿದ್ದ ಹೆಂಗಸು, ಅವಳದ್ದು ಗೇಟು. ಇನ್ನೊಬ್ಬಳದ್ದು ಹಾವು.

ಹೊಸದಾಗಿ ಗುರುತು ಹೊಲಿದ ಬಟ್ಟೆಗೆ ಅಲ್ಲೊಂದು ಕಟ್ಟಳೆನೂ ಇತ್ತು. ಅದನ್ನ ಹಾಗೇ ಮೇಲೆ ಕಳಿಸೋ ಹಾಗಿಲ್ಲ. ಒಂದು ನೀರು ಕಾಣಿಸಿ, ಲಾಂಡ್ರಿ ಮೇಲಿನ ತಾರಸಿಯಲ್ಲಿ, ಗುರುತು ಹೊರಮುಖವಾಗಿ ಒಣಗಿಸಬೇಕು. ಕೆಳಗೆ ನಿಂತವಳಿಗೆ ಕತ್ತೆತ್ತಿದರೆ ಅಕ್ಷರ ಕಾಣಬೇಕು. ಅತ್ತೆ ಇದರಲ್ಲಿ ಯಾರಿಗೂ ರಿಯಾಯಿತಿ ಕೊಟ್ಟವರಲ್ಲ.

ಸೂಜಿಯಕ್ಕ ಅತ್ತೆಯ ಮುಖ ನೋಡಿದಳು. ಊರಿಗೆಲ್ಲಾ ಸುಳ್ಳು ಪೋಣಿಸಿ ಹಾರ ಮಾಡಿ ಹಾಕೋಳಿಗೆ ಈ ಒಂದು ನಿಜ ಮಾತ್ರ ಪೋಣಿಸೋಕೆ ಬರಲಿಲ್ಲ.

"ಹಾಕ್ತೀನಿ ಅತ್ತೆ," ಅಂದಳು. "ಹತ್ತಿದ್ರೆ ಮೋಡ ಸಿಗ್ಬೇಕು, ಅಷ್ಟು ದೊಡ್ಡ ಏಣಿ ಹಾಕ್ತೀನಿ."

ಹಾಕಲಿಲ್ಲ. ಹಾಕಬೇಕು ಅಂತ ಅತ್ತೆಯ ಕೋಟು ಮಿಷನ್ನಿಗೆ ಕೊಟ್ಟಿದ್ದಳು ನಿಜ. ಗಂಡ ಬಂದು ಪಕ್ಕ ನಿಂತ. "ಅದೊಂದೇ ಬೇರೆ ಥರ ಆದ್ರೆ ಮೊದಲು ಕಣ್ಣಿಗೆ ಬೀಳೋದು ಅದೇ. ಟೈ ಸಾಹೇಬ ಇಡೀ ಬಂಡಲನ್ನೇ ವಾಪಸ್ ಎಸೀತಾನೆ. ಅಮ್ಮನಿಗೆ ಓದೋಕೆ ಬರಲ್ಲ ಕಣೇ. ಹೆಸರಿದ್ರೆ ಆಯ್ತು, ಯಜಮಾನರು ಓದ್ತಾರೆ." ಸೂಜಿಯಕ್ಕ ಅವನನ್ನ ಉರಿದು ನೋಡಿದಳು. ಆಮೇಲೆ ಮಿಷನ್ನಿನ ಪೆಡಲು ಒತ್ತಿದಳು. ಏಣಿ ಇರಬೇಕಾದ ಜಾಗದಲ್ಲಿ ಹೊಟ್ಟೆನೋವು ಬಂದು ಮುದುಡಿ ಕೂತ ಹಾಗೊಂದು ಅಕ್ಷರ ಬಂತು. ಮಿಷನ್ನಿಗೇನು, ಅದು ಸೊಳ್ಳೆಗೂ ಹೊಲಿಯುತ್ತೆ, ಅತ್ತೆಗೂ ಹೊಲಿಯುತ್ತೆ.

ವರ್ಷದ ದಿನ ಬೆಳಗ್ಗೆ ಸೂಜಿಯಕ್ಕನಿಗೂ ಹೋಟೆಲಿಂದ ಕರೆ ಬಂತು. ಹೊಸ ಬಟ್ಟೆ ಅಂದಮೇಲೆ ಅಲ್ಲಿ ಬಿಗಿ ಇಲ್ಲಿ ಸಡಿಲ ಇದ್ದದ್ದೇ, ಸೂಜಿದಾರ ತಗೊಂಡು ಬಂದು ಕೂತಿರು ಅಂತ. ಹೋಗಿ ಕೂತಳು. ಕೆಳಗೆ ಲಾಂಡ್ರಿಗೆ ಹೋಗಿ ಅತ್ತೆಗೆ ವಿಷಯ ಹೇಳಿಬಿಡಬೇಕು ಅಂತ ಎದ್ದಾಗಲೆಲ್ಲಾ ಒಬ್ಬೊಬ್ಬ ಸೂಟಿನವನು ಬಂದು ಮುಂದೆ ನಿಲ್ಲೋನು. ಒಬ್ಬನಿಗಂತೂ ಉಸಿರು ಬಿಟ್ಟರೆ ಹೊಟ್ಟೆಯ ಗುಂಡಿ ಬಂದೂಕಿನ ಗುಂಡಿನ ಹಾಗೆ ಹಾರಿ ಎದುರು ಗೋಡೆಗೆ ಬಡಿಯೋದು. ಅವನಿಗೆ ಹೊಲಿದೂ ಹೊಲಿದೂ ಹೊತ್ತು ಹೋಯಿತು.

ಅಷ್ಟರಲ್ಲಿ ಕೆಳಗೆ ಟೈ ಸಾಹೇಬ ಕೋಟಿನ ರಾಶಿಯನ್ನ ಲಾಂಡ್ರಿಯ ಮೇಜಿನ ಮೇಲೆ ಸುರಿದು, "ಬೇಗ ಹಾಕ್ಕೊಂಡು ಮೇಲೆ ಬನ್ನಿ" ಅಂತ ಹೇಳಿ ಹೋಗಿದ್ದ.

ಹೆಂಗಸರು ರಾಶಿಗೆ ಕೈ ಹಾಕಿದರು. ತಿರುಗಿಸಿದರು, ಮಗುಚಿದರು. "ಏಣಿ ಎಲ್ಲೇ?" "ನನ್ನ ಗೇಟು ಕಾಣ್ತಿಲ್ವಲ್ಲೇ." "ಇದೇನೇ ಇದು, ಮುರಿದ ಕುರ್ಚಿ ಇದ್ದ ಹಾಗಿದೆ?" "ಬೇರೆ ಹೋಟ್ಲಿನ ಕೋಟು ತಂದು ಸುರಿದವ್ನೋ ಏನೋ." ಹಾವಿನವಳಿಗೆ ಮಾತ್ರ ಸಿಕ್ಕಿತು. ಹಾವು ಮರಿಯಾದರೂ ಹಾವೇ ತಾನೆ. ಮಿಕ್ಕವರ ಅಕ್ಷರಗಳು ಒಂದೂ ಗುರುತು ಸಿಗಲಿಲ್ಲ. ಅಳತೆ ನೋಡಿ ಹುಡುಕೋಣ ಅಂದರೆ ಎಲ್ಲವೂ ಒಂದೇ ಅಳತೆ. ಓದಿ ಹೇಳೋರು ಯಾರೂ ಹತ್ರ ಇರಲಿಲ್ಲ, ಎಲ್ಲಾ ಮೇಲಿದ್ದರು. ಮೇಲಿಂದ ಗಂಟೆ ಕೇಳಿಸಿತು. ಕೈಗೆ ಸಿಕ್ಕಿದ್ದನ್ನ ಹಾಕಿಕೊಂಡು, ತೋಳು ಮಡಚಿಕೊಂಡು, ಎಲ್ಲರೂ ಮೆಟ್ಟಿಲು ಹತ್ತಿದರು.

ಸೂಜಿಯಕ್ಕ ಹಾಲಿಗೆ ಬಂದಾಗ ಸಾಲು ನಿಂತಾಗಿತ್ತು. ಮೊದಲು ಸೂಟು, ಆಮೇಲೆ ಕೌಂಟರು, ಕೊನೆಗೆ ಕೆಳಗಿನವರು. ಅತ್ತೆ ತಲೆ ಬಾಚಿ ನೀರು ಹಚ್ಚಿಕೊಂಡು ಶಾಲೆ ಹುಡುಗಿ ಹಾಗೆ ನೆಟ್ಟಗೆ ನಿಂತಿದ್ದರು. ಸೂಜಿಯಕ್ಕನ ಕಣ್ಣು ಅವರ ಎದೆ ಮೇಲೆ ಬಿತ್ತು. ಅಲ್ಲಿದ್ದದ್ದು ಕಡ್ಡಿಯ ಹೆಸರು.

ಯಜಮಾನರು ಕೈ ಕುಲುಕುತ್ತಾ ಬಂದರು. ಹಿಂದೆ ಅವರ ಅತಿಥಿಗಳು, ಪಕ್ಕದಲ್ಲಿ ಟೈ ಸಾಹೇಬ. ಅತ್ತೆಯ ಮುಂದೆ ನಿಂತು, ಕನ್ನಡಕ ಸರಿ ಮಾಡಿಕೊಂಡು, ಬಗ್ಗಿ ಓದಿ, ಕಡ್ಡಿಯ ಹೆಸರನ್ನ ಜೋರಾಗಿ ಕರೆದು ಕೈ ಚಾಚಿದರು.

ಅತ್ತೆ ಅಲ್ಲಾಡಲಿಲ್ಲ. ಪಕ್ಕದವಳನ್ನ ಕರೀತಿದ್ದಾರೆ ಅಂತ ಆ ಕಡೆ ನೋಡಿದರು. ಆ ಕಡೆ ನಿಂತಿದ್ದ ಕಡ್ಡಿ, ಕರೆದದ್ದು ತನ್ನನ್ನೇ ಅಂತ ಕೈ ಮುಂದೆ ಮಾಡಿದಳು. ಯಜಮಾನರು ಕಡ್ಡಿಯ ಎದೆ ಓದಿದರು. ಅಲ್ಲಿ ಇನ್ಯಾರದ್ದೋ ಹೆಸರು.

"ಏಯ್ ಸೋಪಮ್ಮ, ಕರೀತಿರೋದು ಕೇಳಿಸ್ತಿಲ್ವಾ?" ಟೈ ಸಾಹೇಬ ಹಲ್ಲು ಕಚ್ಚಿಕೊಂಡು ಅಂದ.

"ಅದು ನಾನಲ್ಲ ಸಾರ್," ಅಂದರು ಅತ್ತೆ.

"ಎದೆ ಮೇಲೆ ಬರೆದಿದೆಯಲ್ಲಮ್ಮಾ," ಅಂದರು ಯಜಮಾನರು.

"ಬರೆದಿರಬೌದು ಸಾರ್. ನಾನಲ್ಲ."

ಅತಿಥಿಗಳಲ್ಲಿ ಒಬ್ಬ ಕಿಸಕ್ಕಂತ ನಕ್ಕ. ನಗು ಕೆಮ್ಮಿನ ಹಾಗೆ, ಒಬ್ಬನಿಗೆ ಬಂದರೆ ಸಾಲಿಗೆ ಬರುತ್ತೆ. "ತಮ್ಮ ಹೆಸರೇ ತಮಗೆ ಗೊತ್ತಿಲ್ವೇನ್ರೀ ಇವರಿಗೆ?" ಅಂದರು ಯಜಮಾನರು, ಅವರೂ ನಗ್ತಾ. ಟೈ ಸಾಹೇಬ ಕೈ ಉಜ್ಜಿಕೊಂಡು, "ಕೆಳಗಿನವರು ಸಾರ್. ಅಷ್ಟೇ ಇವರದ್ದು," ಅಂದ. ಯಜಮಾನರು ಅತ್ತೆಯ ಭುಜ ತಟ್ಟಿದರು, ಮಕ್ಕಳಿಗೆ ತಟ್ಟೋ ಹಾಗೆ. ಮುಂದೆ ಹೋದರು.

ಸೂಜಿಯಕ್ಕನಿಗೆ ಅಂಗಾಲಲ್ಲಿ ಹತ್ತಿದ ಬೆಂಕಿ ನೆತ್ತಿಯಲ್ಲಿ ಹೊಗೆಯಾಡಿತು. ಬಾಯಿ ತೆರೆದಳು. ಮಾತು ಬರಲಿಲ್ಲ. ಯಾಕೆಂದರೆ ಆ ಇರುವೆಗಳನ್ನ ಹೊಲಿದವಳು ಅವಳೇ.

ಯಜಮಾನರೂ ಅತಿಥಿಗಳೂ ಟೀ ಕುಡಿಯೋಕೆ ಹೋದರು. ಟೀ ಆದಮೇಲೆ ಹಿಂದಿನ ಹುಲ್ಲಿನ ಮೇಲೆ ಫೋಟೋ ಅಂತ ಹೇಳಿದರು. ಲಾಂಡ್ರಿಯವರು ಕೆಳಗಿಳಿದರು. ಸೂಜಿಯಕ್ಕ ಹಿಂದೆಯೇ ಓಡಿದಳು.

ಕೆಳಗೆ ಬಾಯ್ಲರು ಹಬೆ ಬಿಡ್ತಾ ಇತ್ತು. ಗೋಡೆಯೆಲ್ಲಾ ಬೆವರಿತ್ತು. ಅತ್ತೆ ಕಟ್ಟೆ ಮೇಲೆ ಕೂತು ಎದೆ ಮೇಲಿನ ಅಕ್ಷರಗಳನ್ನ ಬೆರಳಿಂದ ಉಜ್ಜಿ ನೋಡ್ತಾ ಇದ್ದರು, ಕಲೆ ಹೋಗುತ್ತಾ ಅಂತ ನೋಡೋ ಹಾಗೆ.

"ಇದು ಯಾರದ್ದು?" ಅಂದರು.

"ಕಡ್ಡಿಯದು ಅತ್ತೆ."

"ನಂದು ಯಾರ ಮೈ ಮೇಲಿದೆ?"

ಸೂಜಿಯಕ್ಕ ಹುಡುಕಿ ತೋರಿಸಿದಳು. ಹಾವಿನವಳ ಪಕ್ಕ ಕೂತವಳ ಮೇಲಿತ್ತು. ಅತ್ತೆ ಆ ಮುದುಡಿ ಕೂತ ಅಕ್ಷರವನ್ನ ತುಂಬಾ ಹೊತ್ತು ನೋಡಿದರು.

"ಇದು ನಾನಾ?"

"ಹೂಂ ಅತ್ತೆ. ಇಂಗ್ಲಿಷಲ್ಲಿ ಒಂದೊಂದು ಅಕ್ಷರಕ್ಕೂ ಎರಡೆರಡು ರೂಪ ಇದೆ. ಒಂದು ದೊಡ್ಡದು, ಒಂದು ಸಣ್ಣದು. ಹೆಸರಿಗೆ ಮೊದಲು ದೊಡ್ಡದು ಬರಬೇಕು. ನಿಮಗೆಲ್ಲಾ ಸಣ್ಣದೇ ಸಾಕು ಅಂತ ಟೈ ಸಾಹೇಬ—"

"ಟೈ ಸಾಹೇಬ ಹೇಳಿದ. ಹೊಲಿದವರು ಯಾರು?"

ಸೂಜಿಯಕ್ಕ ತಲೆ ತಗ್ಗಿಸಿದಳು.

"ಹಾಕ್ತೀನಿ ಅಂದಿದ್ದೆಯಲ್ಲೇ. ಮೋಡದವರೆಗೂ ಹಾಕ್ತೀನಿ ಅಂದಿದ್ದೆ. ಆಗ್ಲೇ ಹೇಳಿದ್ರೆ ಆ ಹಾಳು ಹುಳದ ಮುಖ ಆದ್ರೂ ಗುರುತು ಮಾಡ್ಕೊಂಡು ಇರ್ತಿದ್ದೆ. ನನ್ನ ಕೋಟು ನಾನೇ ಹಾಕ್ಕೊಂಡು ಬರ್ತಿದ್ದೆ." ಅತ್ತೆಯ ದನಿ ಏರಲಿಲ್ಲ. ಏರಿದ್ದರೆ ಸೂಜಿಯಕ್ಕನಿಗೆ ತಡ್ಕೊಳ್ಳೋಕಾಗ್ತಿತ್ತು. "ನಕ್ಕರು ಕಣೇ. ನನ್ನ ಹೆಸರು ನಂಗೇ ಗೊತ್ತಿಲ್ಲ ಅಂತ ನಕ್ಕರು."

"ಕೊಡಿ ಅತ್ತೆ, ಈಗ್ಲೇ ಹಾಕ್ತೀನಿ. ಕೈಯಲ್ಲೇ ಹೊಲೀತೀನಿ." ಸೂಜಿಯಕ್ಕ ಸೂಜಿ ತೆಗೆದಳು.

ಅತ್ತೆ ಅದನ್ನ ಅವಳ ಕೈಯಿಂದ ಕಿತ್ತುಕೊಂಡರು. "ನೀನು ಬೇಡ."

ಗೂಡಿನಿಂದ ಕಪ್ಪು ದಾರದ ಉಂಡೆ ಇಳಿಸಿದರು. ತಮ್ಮ ಕೋಟು ಇಸ್ಕೊಂಡು ತೊಡೆ ಮೇಲೆ ಹಾಸಿಕೊಂಡರು. ಹಾಸಿಗೆ ಬಟ್ಟೆಗೆ ಹಾಕೋ ಅಳತೆಯಲ್ಲೇ, ಗೇಣುದ್ದಕ್ಕೆ, ಸಣ್ಣ ಅಕ್ಷರದ ತಲೆ ಮೇಲೇ ಮೊದಲ ಕಾಲು ಎಳೆದರು. ಅದನ್ನ ನೋಡಿ ಕಡ್ಡಿ ತನ್ನ ಕೋಟು ಹುಡುಕಿಕೊಂಡು ಕೂತಳು. ಆಮೇಲೆ ಮಿಕ್ಕವರು. ಯಾರದ್ದು ಯಾವುದು ಅಂತ ಸೂಜಿಯಕ್ಕ ಓದಿ ಓದಿ ಕೊಟ್ಟಳು, ಅಷ್ಟೇ ಅವಳಿಗೆ ಸಿಕ್ಕ ಕೆಲಸ. ದಿನಾ ಮಾಡೋ ಕೈ ಅವರದ್ದು. ಟೀ ಆರೋದರೊಳಗೆ ಏಣಿ ನಿಂತಿತು, ಗೇಟು ನಿಂತಿತು, ಸುತ್ತಿಗೆ ನಿಂತಿತು.

"ನಾನೇನು ಮಾಡ್ಲೇ?" ಅಂದಳು ಹಾವಿನವಳು. "ನಂದು ಮೊದ್ಲೇ ಇದೆಯಲ್ಲ."

"ಅದು ಎರೆಹುಳ," ಅಂದಳು ಕಡ್ಡಿ. "ಹೆಡೆ ಎತ್ತಿಸು."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ, ಹಲ್ಲಲ್ಲಿ ದಾರ ಕಡಿದರು.

ಹುಲ್ಲಿನ ಮೇಲೆ ಕುರ್ಚಿ ಹಾಕಿದ್ದರು. ಸೂಟಿನವರು ಕೂತಿದ್ದರು. ಕ್ಯಾಮೆರಾದವನು ಒಬ್ಬೊಬ್ಬರ ಗಲ್ಲ ಹಿಡಿದು ಸರಿ ಮಾಡ್ತಾ ಇದ್ದ. ಲಾಂಡ್ರಿ ಬಾಗಿಲಿಂದ ಹೆಂಗಸರು ಸಾಲಾಗಿ ಬಂದದ್ದನ್ನ ಟೈ ಸಾಹೇಬ ನೋಡಿದ. ಎದೆಯ ಮೇಲೆಲ್ಲಾ ಗೇಣುದ್ದದ ಕರೀ ಅಕ್ಷರ. ಅವನ ಮುಖ ಟೈ ಬಿಗಿದ ಹಾಗೆ ಕೆಂಪಾಯಿತು. ಅರ್ಧ ದಾರೀಲೇ ಓಡಿಬಂದು ಅಡ್ಡ ನಿಂತ.

"ಏನಿದು ಅಸಹ್ಯ?"

"ಹೆಸರು ಸಾರ್," ಅಂದರು ಅತ್ತೆ.

"ಬಿಚ್ಚಿ ಈ ದಾರಾನ!"

"ಬಿಚ್ಚೋ ದಾರ ಅಲ್ಲ ಸಾರ್ ಅದು. ನೀವೇ ತರಿಸಿಕೊಟ್ಟಿದ್ದು. ಬಟ್ಟೆ ಹರಿದ್ರೂ ಅಕ್ಷರ ಹೋಗಬಾರ್ದು ಅಂತ ನೀವೇ ಹೇಳಿದ್ರಿ."

ಟೈ ಸಾಹೇಬ ಸೂಜಿಯಕ್ಕನ ಕಡೆ ತಿರುಗಿದ. "ಇದು ನಿನ್ನ ಕೆಲಸ."

"ಅಯ್ಯೋ, ಆಗಿದ್ರೆ ಚೆನ್ನಾಗಿರ್ತಿತ್ತು ಸಾರ್," ಅಂದಳು ಸೂಜಿಯಕ್ಕ. ಅವಳ ಮಾತು ವಾಪಸ್ ಬಂದಿತ್ತು. "ನನ್ನ ಕೆಲಸ ಇದರ ಅಡೀಲಿದೆ. ನೀವು ಹೇಳಿದ್ದು, ನಾನು ಹೊಲಿದಿದ್ದು. ಆ ಇರುವೆ ಹೊಲಿದ ಕೈ ನಂದು, ಅದಕ್ಕೆ ನಂಗೇ ಹೇಸಿಗೆ ಆಗ್ತಿದೆ. ಹೇಳಿದ ಬಾಯಿಗೆ ಏನೂ ಆಗಿಲ್ವಾ?"

"ನಾಳೆಯಿಂದ ಹೋಟ್ಲಿನ ಒಂದು ಗುಂಡಿನೂ ನಿಮ್ಮಂಗಡಿಗೆ ಬರಲ್ಲ."

"ಬೇಡ ಬಿಡಿ. ಅದೆಲ್ಲಾ ನಿಮ್ಮ ಸೂಟಿನವರ ಹೊಟ್ಟೆಯಿಂದ ಹಾರಿ ನಮ್ಮಂಗಡಿಗೆ ತಾನಾಗೇ ಬಂದು ಬೀಳುತ್ತೆ."

ಅವನು ಅವಳನ್ನ ಬಿಟ್ಟು ಹೆಂಗಸರ ಕಡೆ ಕೈ ಬೀಸಿದ. "ನಿಮ್ಗೆ ಫೋಟೋ ಇಲ್ಲ. ಕೆಳಗೆ ಹೋಗಿ. ಒಬ್ಬರೂ ಈ ಕಡೆ ತಲೆ ಹಾಕಬಾರ್ದು."

ಕಡ್ಡಿಯ ಕಣ್ಣಲ್ಲಿ ನೀರು ಬಂತು. ಅತ್ತೆ ಯಜಮಾನರ ಕಡೆ ನೋಡಿದರು. ದೂರದಲ್ಲಿ ಅವರು ಕುರ್ಚಿಯಲ್ಲಿ ಕೂತು ಯಾರ ಜೊತೆಯೋ ಮಾತಾಡ್ತಾ ಇದ್ದರು. ಈ ಕಡೆ ತಿರುಗಲೂ ಇಲ್ಲ. ಅತ್ತೆ ಹಿಂದಕ್ಕೆ ತಿರುಗಿದರು. ಹೆಂಗಸರೂ ತಿರುಗಿದರು.

ಲಾಂಡ್ರಿಯೊಳಗೆ ಬಂದು ಸೂಜಿಯಕ್ಕ ಗೋಡೆಗೆ ಬಡಿಯೋಳ ಹಾಗೆ ಅತ್ತಿಂದಿತ್ತ ಓಡಾಡಿದಳು. "ಹೋಗಿ ಆ ಕುರ್ಚಿಗಳನ್ನ ಒದ್ದುಬರ್ತೀನಿ. ಟೈ ಹಿಡಿದು ಬಾಯ್ಲರಿಗೆ ಕಟ್ತೀನಿ."

"ಸುಮ್ನಿರು," ಅಂದರು ಅತ್ತೆ. ಕೋಟು ಬಿಚ್ಚಿದರು. ತೊಟ್ಟಿಗೆ ನೀರು ಬಿಟ್ಟರು.

"ಏನ್ ಮಾಡ್ತಿದೀರಾ ಅತ್ತೆ?"

"ಹೊಸಾ ಗುರುತು ಹಾಕಿದೀವಿ. ಒಂದು ನೀರು ಕಾಣ್ಬೇಡ್ವಾ?"

ಇವತ್ತು ಕೊನೇ ದಿನ ಅಂತ ಅತ್ತೆ ಕಟ್ಟಳೆ ಬಿಡೋರಲ್ಲ. ಅದ್ದಿದರು, ಹಿಂಡಿದರು, ಹೆಗಲಿಗೆ ಹಾಕಿಕೊಂಡು ತಾರಸಿಗೆ ಹೊರಟರು. ಒಬ್ಬೊಬ್ಬರಾಗಿ ಮಿಕ್ಕವರೂ ಕೋಟು ಬಿಚ್ಚಿ ಅದ್ದಿದರು. ಫೋಟೋದಲ್ಲಿ ಒದ್ದೆ ಬಟ್ಟೆ ಕಾಣಬಾರದು ಅಂತ ಟೈ ಸಾಹೇಬ ಬೆಳಗ್ಗೆಯೇ ತಾರಸಿಯ ಹಾಸಿಗೆ ಬಟ್ಟೆಯನ್ನೆಲ್ಲಾ ಇಳಿಸಿದ್ದ. ಹಗ್ಗ ಬರಿದಾಗಿತ್ತು. ಅತ್ತೆ ಹುಲ್ಲಿನ ಕಡೆಗಿದ್ದ ಹಗ್ಗಕ್ಕೆ ಕೋಟು ಹಾಕಿ, ಗುರುತು ಹೊರಮುಖ ಮಾಡಿ, ಕ್ಲಿಪ್ಪು ಸಿಕ್ಕಿಸಿದರು. ಅದರ ಪಕ್ಕ ಗೇಟು. ಅದರ ಪಕ್ಕ ಸುತ್ತಿಗೆ, ಜೋಡಿಗುಡ್ಡ, ಹೆಡೆ ಎತ್ತಿದ ಹಾವು. ಕೆಳಗೆ ಎಲ್ಲರೂ ಇವರಿಗೆ ಬೆನ್ನು ಹಾಕಿ ಕ್ಯಾಮೆರಾ ನೋಡ್ತಾ ಇದ್ದರು. ಗಾಳಿ ಬಂತು. "ನಗಿ!" ಅಂತ ಕ್ಯಾಮೆರಾದವನು ಕೂಗಿದ್ದು ಮೇಲಿನವರೆಗೂ ಕೇಳಿಸಿತು.

ಆ ಫೋಟೋ ದೊಡ್ಡದಾಗಿ ಬಂದು ಮುಂಬಾಗಿಲ ಗಾಜಿನ ಪಕ್ಕದಲ್ಲಿ ಗೋಡೆ ಏರಿದ ಮೇಲೇ ಅದರಲ್ಲಿ ಏನಿದೆ ಅಂತ ಟೈ ಸಾಹೇಬ ನೋಡಿದ್ದು. ಆ ಹೊತ್ತಿಗೆ ಯಜಮಾನರು ಅದರ ಕೆಳಗೆ ಸಹಿ ಹಾಕಿ, ಬಂದವರಿಗೆಲ್ಲಾ ತೋರಿಸಿಯೂ ಆಗಿತ್ತು. ಕ್ಯಾಮೆರಾದವನನ್ನ ಕರೆಸಿ ಬೈದರೆ, "ಅದೂ ಡೆಕೊರೇಶನ್ ಅನ್ಕೊಂಡೆ ಸಾರ್" ಅಂದನಂತೆ. ಸೂಟಿನವರ ಎದೆ ಮೇಲಿನ ಹೆಸರು ಓದೋಕೆ ಭೂತಗನ್ನಡಿ ಬೇಕು. ಅವರ ತಲೆ ಮೇಲಿನ ಸಾಲು ಬೀದಿ ಆಚೆಯಿಂದಲೂ ಕಾಣ್ತಿತ್ತು.

ಟೈ ಸಾಹೇಬ ಮಾತು ಉಳಿಸಿಕೊಂಡ. ಹೋಟೆಲಿಂದ ಒಂದು ಗುಂಡಿಯೂ ಬರಲಿಲ್ಲ. ಗಂಡ ಹರಿದ ಜೇಬುಗಳ ಮುಂದೆ ಕೂತು ನಿಟ್ಟುಸಿರು ಬಿಟ್ಟಾಗಲೆಲ್ಲಾ ಸೂಜಿಯಕ್ಕ, "ಆ ಉಸಿರು ಇಸ್ತ್ರಿಪೆಟ್ಟಿಗೆಗೆ ಬಿಡ್ರೀ, ಬಿಸಿಯಾದ್ರೂ ಆಗುತ್ತೆ" ಅನ್ನೋಳು. ಅತ್ತೆ ಅವಳ ಜೊತೆ ಮಾತಾಡ್ತಿದ್ದರು, ಆದರೆ ಅಳೆದು. ಟೀ ಕುಡಿ, ದೀಪ ಹಾಕು, ಅಷ್ಟೇ.

ಒಂದು ಸಂಜೆ ಅತ್ತೆ ಕೋಟು ಹಾಕಿಕೊಂಡು, ತೋಳು ಮಡಚಿಕೊಂಡು, "ಬರ್ತೀಯೇನೇ?" ಅಂದರು. ಎಲ್ಲಿಗೆ ಅಂತ ಸೂಜಿಯಕ್ಕ ಕೇಳಲಿಲ್ಲ, ಚಪ್ಪಲಿ ಮೆಟ್ಟಿದಳು.

ಅತ್ತೆ ಆ ಹೋಟೆಲಿನ ಮುಂಬಾಗಿಲಿಗೆ ಯಾವತ್ತೂ ಬಂದವರಲ್ಲ. ಗಾಜಿನ ಹತ್ರ ಹೋಗಿ ಹಣೆ ತಾಗೋ ಹಾಗೆ ನಿಂತರು. ಒಳಗೆ ದೀಪದ ಕೆಳಗೆ ಫೋಟೋ. ಕುರ್ಚಿಯವರ ಮೇಲೆ, ಆಕಾಶದ ಬದಿಗೆ, ಗಾಳಿ ತುಂಬಿಕೊಂಡ ಕೋಟುಗಳು. ಮೊದಲನೇದರ ತೋಳು ಎರಡೂ ಅಗಲಕ್ಕೆ ಚಾಚಿತ್ತು. ಎದೆ ಮೇಲೆ ಏಣಿ.

"ಏ ಸೋಪಮ್ಮ," ಅಂದ ಬಾಗಿಲು ಕಾಯೋನು. "ಗಾಜು ಮುಟ್ಟಬೇಡ, ಕಲೆ ಆಗುತ್ತೆ."

ಅತ್ತೆ ತಿರುಗಲಿಲ್ಲ. ಗಾಜಿನ ಮೇಲೆ ತಮ್ಮ ಉಸಿರು ಕಟ್ಟಿದ ಮಂಜನ್ನ ಕೋಟಿನ ತೋಳಿಂದ ಒರೆಸಿದರು.

"ಸೋಪಮ್ಮ, ನಿಂಗೇ ಹೇಳ್ತಿರೋದು."

ತಿರುಗಲಿಲ್ಲ. ಸೂಜಿಯಕ್ಕನಿಗೆ ಬಾಯಿ ತುದಿಗೆ ಒಂದು ಮಾತು ಬಂದಿತ್ತು, ಒಳ್ಳೇ ಖಾರದ ಮಾತು. ನುಂಗಿಕೊಂಡಳು.

ಬಾಗಿಲು ಕಾಯೋನು ಹತ್ತಿರ ಬಂದ. ಅತ್ತೆ ಈಗ ನಿಧಾನವಾಗಿ ಅವನ ಕಡೆ ತಿರುಗಿ, ಕೋಟಿನ ಎದೆಯ ಸುಕ್ಕನ್ನ ಎರಡೂ ಕೈಯಿಂದ ಎಳೆದು ಸರಿ ಮಾಡಿಕೊಂಡರು. ಅವನು ಬಗ್ಗಿ, ಏಣಿಯಿಂದ ಶುರು ಮಾಡಿ, ತುಟಿ ಅಲ್ಲಾಡಿಸ್ತಾ ಒಂದೊಂದೇ ಅಕ್ಷರ ಓದತೊಡಗಿದ. ಅತ್ತೆ ಕಾಯ್ತಾ ನಿಂತರು.